ಕೊಡೆಯವನನ್ನು ನಾನು ಬದುಕಿಸಿದ್ದು

ಅಪ್ಪ ನಮ್ಮ ಮನೆಗೆ ಬಂದದ್ದು ಅಕ್ಟೋಬರಿನಲ್ಲಿ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ. ಅವ್ವ ತೀರಿಕೊಂಡು ವರ್ಷ ಕಳೆದಿತ್ತು. ಊರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಫೋನಿನಲ್ಲಿ ಅವನ ದನಿ ಸಣ್ಣದಾಗುತ್ತ ಹೋಗುತ್ತಿದೆ ಅನ್ನಿಸಿ, ಚಳಿಗಾಲ ಕಳೆಯುವವರೆಗಾದರೂ ಇಲ್ಲಿದ್ದು ಹೋಗು ಅಂತ ಟಿಕೆಟ್ ಕಳಿಸಿದ್ದೆ. ಬಂದವನು ಮೊದಲ ವಾರವೆಲ್ಲ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕುಳಿತು ರಸ್ತೆ ನೋಡಿದ. ವಿದನ್‌ಶಾ ಎಂಬ ಈ ಇಂಗ್ಲಿಷ್ ಊರಿನ ನಮ್ಮ ರಸ್ತೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ತೀರ ತಗ್ಗಾಗಿ ಹಾರಿ ಇಳಿಯುವ ವಿಮಾನಗಳು, ಕಸ ಒಯ್ಯುವ ಲಾರಿ, ನಾಯಿ ಹಿಡಿದುಕೊಂಡು ಹೋಗುವ ಒಬ್ಬ ಮುದುಕಿ. ಅಪ್ಪ ಆಕೆಯ ಬಗ್ಗೆಯೂ ಚಿಂತೆ ಮಾಡುತ್ತಿದ್ದ.

"ದಿನಾ ಒಂದ ಟೈಮಿಗೆ ಮನಿ ಬಿಟ್ಟ ಹೊಕ್ಕಾಳ ನೋಡು. ಇಂಥಾವ್ರ ಮನೀಗೇ ಕಳ್ಳರು ಕೈ ಹಾಕೂದು."

ಅಪ್ಪ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ನೌಕರಿಯ ಬಹುಭಾಗ ಕಳೆದದ್ದು ಕಳ್ಳರ ಹಿಂದೆ. ಮನೆಗಳ್ಳರು, ಜೇಬುಗಳ್ಳರು, ರೈಲಿನಲ್ಲಿ ಟ್ರಂಕು ಎತ್ತುವವರು. ಊರಿನ ಹೆಸರು ಇಲ್ಲಿ ಬೇಡ. ಉತ್ತರ ಕರ್ನಾಟಕದ್ದು, ರೈಲು ನಿಲ್ದಾಣದ ಸುತ್ತ ಬೆಳೆದ ಊರು.

ನಾನು ಇಲ್ಲಿನ ಆಸ್ಪತ್ರೆಯೊಂದರ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ಪಾಳಿ ಬಂದರೆ ಮೂರು ಗಂಟೆಗೆಲ್ಲ ಮನೆಯಲ್ಲಿರುತ್ತೇನೆ. ಅಂಥದೊಂದು ಮಧ್ಯಾಹ್ನ ಟಿವಿಯಲ್ಲಿ ಏನೋ ಹುಡುಕುವಾಗ ಜಪಾನಿನ ಧಾರಾವಾಹಿಯೊಂದು ಸಿಕ್ಕಿತು. ಹಳೆಯ ಕಾಲದ ಕಥೆ. ಮರದ ಮನೆಗಳು, ನೆತ್ತಿಯ ಮೇಲೆ ಜುಟ್ಟು ಕಟ್ಟಿದ ಗಂಡಸರು, ಕಳ್ಳರ ಗುಂಪುಗಳು, ಅವರನ್ನು ಹಿಡಿಯುವ ಒಬ್ಬ ಅಧಿಕಾರಿ ಮತ್ತು ಅವನ ಮಂದಿ. ನಾನು ಮುಂದೆ ಹೋಗಬೇಕು ಅನ್ನುವಷ್ಟರಲ್ಲಿ ಅಪ್ಪ ಕೈಯೆತ್ತಿದ.

"ತಡಿ. ಆ ಇಬ್ಬರು ಅಲ್ಲೇ ಯಾಕ ನಿಂತಾರ? ಹಿಂದಿನ ಬಾಗಲಾ ಯಾರ ಕಾಯ್ತಾರ?"

ಕಳ್ಳ ಹಿಂಬಾಗಿಲಿನಿಂದಲೇ ಓಡಿಹೋದ. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಅವನು ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ಆವತ್ತಿನಿಂದ ಅದು ನಮ್ಮ ಮಧ್ಯಾಹ್ನದ ಕೆಲಸವಾಯಿತು. ಅಪ್ಪನಿಗೆ ಜಪಾನಿ ಬಾರದು. ಅವನ ಇಂಗ್ಲಿಷ್ ಎಫ್‌ಐಆರ್‌ನ ಇಂಗ್ಲಿಷ್. ಅಕ್ಯೂಸ್ಡ್, ಅಬ್‌ಸ್ಕಾಂಡಿಂಗ್, ರಿಕವರಿ ಎಂಬಲ್ಲಿಗೆ ಮುಗಿಯುತ್ತಿತ್ತು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅವನು ಓದುವಷ್ಟರಲ್ಲಿ ಅವು ಓಡಿಹೋಗುತ್ತಿದ್ದವು. ಹೀಗಾಗಿ ನಾನು ಪಕ್ಕದಲ್ಲಿ ಕುಳಿತು ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಸೆಕೆಂಡರಿ ಸ್ಕೂಲಿಗೆ ಹೋಗುವ ನನ್ನ ಮಗಳು ಮನೆಗೆ ಬಂದವಳೇ ಇನ್ನೊಂದು ಸೋಫಾದಲ್ಲಿ ಕಾಲು ಮಡಚಿ, ಫೋನು ಹಿಡಿದು ಕೂರುತ್ತಿದ್ದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪ ಜಪಾನಿ ಹೆಸರುಗಳ ಗೊಡವೆಗೆ ಹೋಗಲಿಲ್ಲ. ಅಧಿಕಾರಿಗೆ ಸಾಹೇಬ ಅಂತ ಹೆಸರಿಟ್ಟ. ಸಾಹೇಬನ ಕೈಕೆಳಗಿನ ದಪ್ಪನೆಯವನು ಅವನ ಬಾಯಲ್ಲಿ ನಮ್ಮ ಹಳೆಯ ಜಮಾದಾರನ ಹೆಸರು ಪಡೆದ. "ಹಗ್ಗಾ ಕಟ್ಟೂದು ಮಾತ್ರ ಚೊಲೊ ಕಲ್ತಾರ," ಅಂತ ಮೆಚ್ಚುತ್ತಿದ್ದ. "ಸಾಕ್ಷಿಗೆ ಪಂಚರು ಎಲ್ಲಿ? ಪಂಚನಾಮೆ ಇಲ್ದ ಹಂಗ ಹೆಂಗ ಮಾಲು ಒಯ್ತಾರ?" ಅಂತ ಬೈಯುತ್ತಿದ್ದ.

ಅದರಲ್ಲಿ ಕೊಡೆ ರಿಪೇರಿ ಮಾಡುವವನೊಬ್ಬ ಬರುತ್ತಿದ್ದ. ಒಂದು ಕಾಲಕ್ಕೆ ಎಂಥ ಬೀಗವನ್ನಾದರೂ ಸದ್ದಿಲ್ಲದೆ ತೆಗೆಯುವ ಕಳ್ಳ. ಸಾಹೇಬ ಅವನನ್ನು ಹಿಡಿದು, ಬಿಟ್ಟು, ತನ್ನವನನ್ನಾಗಿ ಮಾಡಿಕೊಂಡಿದ್ದ. ಈಗ ಬೀದಿ ಬೀದಿ ಸುತ್ತಿ ಕಾಗದದ ಕೊಡೆಗಳಿಗೆ ತೇಪೆ ಹಚ್ಚುತ್ತ, ಕಳ್ಳರ ಸುದ್ದಿಯನ್ನು ಗುಟ್ಟಾಗಿ ಸಾಹೇಬನಿಗೆ ಮುಟ್ಟಿಸುತ್ತಿದ್ದ. ಅಪ್ಪನ ಭಾಷೆಯಲ್ಲಿ ಬಾತ್ಮೀದಾರ. ಅವನು ಬಂದ ಕೂಡಲೇ ಅಪ್ಪ ಚಹದ ಕಪ್ಪು ಕೆಳಗಿಡುತ್ತಿದ್ದ. ಸಾಹೇಬ ಕತ್ತಲೆಯಲ್ಲಿ, ದೇವಸ್ಥಾನದ ಹಿಂದೆ, ಮುಖ ಮುಚ್ಚಿಕೊಂಡು ಅವನನ್ನು ಕಾಣುತ್ತಿದ್ದ. "ಹಾಂ, ಹಿಂಗ," ಅನ್ನುತ್ತಿದ್ದ ಅಪ್ಪ. "ಹಿಂಗ ಭೆಟ್ಟಿ ಆಗಬೇಕು. ಇಂಥಾವನ್ನ ಸಾಹೇಬ ತನ್ನ ಕಣ್ಣಿಗಿಂತ ಹೆಚ್ಚ ನೋಡ್ಕೋಬೇಕು."

ಪರದೆಯ ಇಂಗ್ಲಿಷಿನಲ್ಲಿ ಹಳೆಯ ಕಾಲದ ಪದಗಳು ಬಂದಾಗ ನಾನು ತಡವರಿಸುತ್ತಿದ್ದೆ. ಅದಕ್ಕೇ ಲ್ಯಾಬಿನ ಊಟದ ಬಿಡುವಿನಲ್ಲಿ ಮುಂದಿನ ಕಂತನ್ನು ಫೋನಿನಲ್ಲಿ ನೋಡಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಹಾಗೆ ನೋಡುವಾಗ ಒಂದು ದಿನ ಕೊಡೆಯವನು ಸತ್ತುಹೋದ.

ಸಾಹೇಬನಿಗೆ ಮೇಲಿನವರಿಂದ ಬೈಗುಳ ಬಿದ್ದಿತ್ತು. ಅವಸರದಲ್ಲಿದ್ದ. ಹಗಲು ಹೊತ್ತಿನಲ್ಲಿ, ತುಂಬಿದ ಬಜಾರಿನಲ್ಲಿ, ಕುದುರೆಯ ಮೇಲಿಂದಲೇ ಕೊಡೆಯವನನ್ನು ಕರೆದ. ಕಳ್ಳರು ಅಡಗಿದ್ದು ಯಾವ ಮನೆ ಅಂತ ಕೇಳಿದ. ಕೊಡೆಯವನು ಸುತ್ತಲಿನ ಜನರನ್ನೊಮ್ಮೆ ನೋಡಿ, ಆಮೇಲೆ ಕೈ ತೋರಿಸಿದ. ಚಹದಂಗಡಿಯ ಮಹಡಿಯಿಂದ ಅದನ್ನು ಯಾರೋ ನೋಡಿದರು. ಮುಂದಿನ ದೃಶ್ಯದಲ್ಲಿ ಕಾಲುವೆಯ ದಂಡೆ, ಚಾಪೆ ಮುಚ್ಚಿದ ಹೆಣ, ಎರಡು ಪಾದ. ಕಡೆಗೆ ಸಾಹೇಬ ಅವನ ಹೆಂಡತಿಯ ಮನೆಗೆ ಹೋಗಿ ತಲೆ ಬಾಗಿಸಿ ಕೂರುತ್ತಾನೆ.

ನನ್ನ ಡಬ್ಬಿಯ ಚಿತ್ರಾನ್ನ ಹಾಗೇ ಉಳಿಯಿತು. ಅಪ್ಪ ಆ ದಿನಗಳಲ್ಲಿ ಸರಿಯಾಗಿ ಊಟ ಮಾಡತೊಡಗಿದ್ದ. ಇಲ್ಲಿನ ಡಾಕ್ಟರು ಕೂಡ ಬಿಪಿ ಹತೋಟಿಗೆ ಬಂದಿದೆ ಅಂದಿದ್ದರು. ಒಂದು ಕಥೆಯ ಸಾವಿನಿಂದ ಅದೆಲ್ಲ ಕೆಡುವುದು ಬೇಡ ಅನ್ನಿಸಿತು. ಕಂತನ್ನೇ ಬಿಟ್ಟುಬಿಡೋಣವೆಂದರೆ ಅಪ್ಪ ಲೆಕ್ಕ ತಪ್ಪುವವನಲ್ಲ. ಆದರೆ ಹೆಣದ ಮುಖ ತೋರಿಸಿರಲಿಲ್ಲ. ಮಾತುಗಳೆಲ್ಲ ನನ್ನ ಕೈಯಲ್ಲಿದ್ದವು.

ಮರುದಿನ ಮಧ್ಯಾಹ್ನ ಹಾಗೇ ಮಾಡಿದೆ. ಚಾಪೆಯ ಕೆಳಗಿನ ಹೆಣ ಕೊಡೆಯವನದಲ್ಲ, ಕಳ್ಳರ ಗುಂಪಿನವನದು ಅಂದೆ. ಕೊಡೆಯವನನ್ನು ಸಾಹೇಬ ಆ ಮೊದಲೇ ಬೇರೆ ಹೆಸರು ಕೊಟ್ಟು ದೂರದ ಊರಿಗೆ ಕಳಿಸಿದ್ದಾನೆ ಅಂದೆ. ದಂಡೆಯ ಮೇಲೆ ಸಾಹೇಬ ಕುಸಿದು ಕೂತದ್ದು ದಣಿವಿಗೆ. ಹೆಂಡತಿಯ ಮನೆಗೆ ಹೋದದ್ದು, ನೀವೂ ಗಂಡನಿದ್ದಲ್ಲಿಗೆ ಹೊರಡಿರಿ ಅಂತ ಹೇಳಲು. ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ, ನನಗೇ ನಂಬಿಕೆ ಹುಟ್ಟತೊಡಗಿತ್ತು. ಅಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಮತ್ತ ಆಕಿ ಯಾಕ ಅಳಾಕತ್ತಾಳ?"

"ಇದ್ದ ಮನಿ ಬಿಟ್ಟ ಹೋಗಬೇಕಲ್ಲಪ್ಪ, ಅದಕ್ಕ."

"ಊದಿನಕಡ್ಡಿ?"

ಹೆಂಡತಿಯ ಎದುರಿಗೆ ಸಣ್ಣ ಮರದ ಗೂಡು, ಅದರ ಮುಂದೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಅದನ್ನು ನಾನು ಗಮನಿಸಿರಲೇ ಇಲ್ಲ.

"ದೇವರಿಗೆ," ಅಂದೆ.

ಆಗ ಮಗಳು ಫೋನಿನಿಂದ ತಲೆ ಎತ್ತಿ ಪರದೆ ನೋಡಿದಳು. "ಮಮ್, ದಟ್ಸ್ ನಾಟ್ ವಾಟ್ ಇಟ್ ಸೇಸ್. ಹೀ ಈಸ್ ಡೆಡ್."

ನಾನು ಕಣ್ಣು ದೊಡ್ಡದು ಮಾಡಿ ಅವಳನ್ನು ನೋಡಿದೆ. ಅವಳಿಗೆ ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ ಮುಖ ಕೆಂಪಾಯಿತು. ಡೆಡ್ ಎಂಬ ಪದ ಎಫ್‌ಐಆರ್‌ನ ಇಂಗ್ಲಿಷಿನಲ್ಲೂ ಇದೆ. ಅಪ್ಪ ನನ್ನ ಕಡೆ ತಿರುಗಲಿಲ್ಲ. "ಇರ್ಲಿ ಬಿಡು," ಅಂತ ಎದ್ದು, ಕಪ್ಪನ್ನು ತಾನೇ ಸಿಂಕಿನಲ್ಲಿಟ್ಟು, ಮಹಡಿ ಹತ್ತಿದ.

ಮರುದಿನ ಟಿವಿಯ ಮಾತೆತ್ತಲಿಲ್ಲ. ಅದರ ಮರುದಿನವೂ ಇಲ್ಲ. ಬೈದಿದ್ದರೆ ಸುಲಭವಿತ್ತು. ಅವನು ನನ್ನೊಂದಿಗೆ ಎಂದಿಗಿಂತ ಮೆತ್ತಗೆ ಮಾತಾಡತೊಡಗಿದ. ಬೇರೆಯವರ ಮನೆಯಲ್ಲಿದ್ದವರ ಹಾಗೆ, ಚಹ ಕೊಟ್ಟರೆ "ಸಾಕವಾ, ಯಾಕ ತ್ರಾಸ ತಗೋತಿ" ಅನ್ನುತ್ತಿದ್ದ. ಲ್ಯಾಬಿನಲ್ಲಿ ಟ್ಯೂಬಿನ ಮೇಲಿನ ಹೆಸರು ಒಬ್ಬರದು, ಒಳಗಿನ ರಕ್ತ ಇನ್ನೊಬ್ಬರದು ಆದರೆ ಏನಾಗುತ್ತದೆ ಎಂದು ಹೊಸಬರಿಗೆ ಕಲಿಸುವವಳು ನಾನೇ. ಆ ವಾರ ಆ ಪಾಠವನ್ನು ಅರ್ಧಕ್ಕೇ ಮುಗಿಸಿಬಿಟ್ಟೆ. ನನ್ನ ಗಂಡ ಮಾತ್ರ, "ಒಂದು ಸೀರಿಯಲ್ಲಿಗೆ ಇಷ್ಟೆಲ್ಲಾ ಯಾಕೆ? ಸಾರಿ ಹೇಳಿ ಮುಗಿಸು," ಅಂದ.

ಶನಿವಾರ ಬಿಸಿಲು ಬಂದಿತ್ತು. ಅಪ್ಪನನ್ನು ಪಾರ್ಕಿಗೆ ಕರೆದೊಯ್ದೆ. ಬೆಂಚಿನ ಮೇಲೆ ಕೂತ ಮೇಲೆ, "ಅಪ್ಪಾ, ನಾ ಸುಳ್ಳ ಹೇಳಿದೆ. ಕೊಡೆಯಾಂವ ಸತ್ತಾನ," ಅಂದೆ.

"ಗೊತ್ತೈತಿ."

"ಹುಡುಗಿ ಹೇಳಿದ್ಲಲ್ಲ."

"ಹುಡುಗಿಗಿಂತ ಮೊದಲ ಗೊತ್ತಾತು. ದೂರದ ಊರಿಗೆ ಹ್ವಾದ ಅಂದಿ ನೋಡು, ಆವಾಗ." ಅಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ನಿನಗ ಮಂಡಕ್ಕಿ ಮಾಮಾ ನೆನಪದಾನ?"

ನೆನಪಿದ್ದ. ರೈಲು ನಿಲ್ದಾಣದ ಮುಂದೆ ಬುಟ್ಟಿಯಲ್ಲಿ ಮಂಡಕ್ಕಿ ಮಾರುತ್ತಿದ್ದ ತೆಳ್ಳನೆಯ ಮನುಷ್ಯ. ಕೆಲವೊಮ್ಮೆ ಸಂಜೆ ನಮ್ಮ ಕ್ವಾರ್ಟರ್ಸಿನ ಹಿತ್ತಲಿಗೆ ಬಂದು ಅಪ್ಪನೊಂದಿಗೆ ಮಾತಾಡಿ ಹೋಗುತ್ತಿದ್ದ. ಹೋಗುವಾಗ ಅಡುಗೆಮನೆಯ ಕಿಟಕಿಯಲ್ಲಿ ನನಗಾಗಿ ಕಾಗದದ ಪೊಟ್ಟಣ ಇಟ್ಟಿರುತ್ತಿದ್ದ. ಆಮೇಲೆ ಬರುವುದು ನಿಂತಿತು. ನಾನು ಕೇಳಿದಾಗ ಅವ್ವ, "ಅಂವ ದೂರದ ಊರಿಗೆ ಹ್ವಾದ, ಅಲ್ಲೆ ಅಂಗಡಿ ಹಾಕ್ಯಾನ," ಅಂದಿದ್ದಳು. ಅದನ್ನು ನಾನು ಪಾರ್ಕಿನ ಆ ಬೆಂಚಿನವರೆಗೂ ನಂಬಿಕೊಂಡೇ ಬಂದಿದ್ದೆ.

"ಅಂವ ನನ್ನ ಬಾತ್ಮೀದಾರ," ಅಂದ ಅಪ್ಪ. "ಮದಲ ಜೇಬ ಕತ್ತರಸಾಂವ. ಬಿಡಿಸಿ ಬುಟ್ಟಿ ಕೊಡಿಸಿದ್ದೆ. ಒಂದಿನಾ ಹೊಸಾ ಸಾಹೇಬ್ರು ಜೀಪಿನ್ಯಾಗ ಕುಂತ, ನಿನ್ನ ಕೈಲೆ ಏನೂ ಆಗೂದಿಲ್ಲ ಅಂತ ನನ್ನ ಬೈಯಾಕತ್ತಿದ್ರು. ಜೀಪ ರೈಲ್ವೆ ಸ್ಟೇಷನ್ ಮುಂದ ಬಂತು. ಅಂವ ಕಂಡ. ಎಲ್ಲಾರ ಮುಂದ ಕರದೆ. ಬಾರಲೇ ಇಲ್ಲೆ ಅಂತ ಹೆಗಲ ಮ್ಯಾಲ ಕೈ ಹಾಕಿ ಕಳ್ಳರ ಸುದ್ದಿ ಕೇಳಿದೆ. ಸಾಹೇಬ್ರಿಗೆ ತೋರಸಬೇಕಿತ್ತು, ನನಗೂ ಮಂದಿ ಅದಾರ ಅಂತ."

"ಆಮ್ಯಾಲ?"

"ಹಳಿ ಮ್ಯಾಲ ಸಿಕ್ಕ. ರೈಲಿಗೆ ಸಿಕ್ಕ ಸತ್ತಾನಂತ ಆತು. ಅದು ರೈಲಲ್ಲ ಅಂತ ನನಗ ಗೊತ್ತಿತ್ತು. ಸಾಹೇಬ್ರಿಗೂ ಗೊತ್ತಿತ್ತು."

ಎದುರಿಗೆ ಮಕ್ಕಳು ಚೆಂಡಾಡುತ್ತಿದ್ದರು. ಚೆಂಡು ನಮ್ಮ ಕಾಲಿನ ಹತ್ತಿರ ಬಂತು. ಅಪ್ಪ ಬಾಗಿ ಅದನ್ನೆತ್ತಿ ಕೊಟ್ಟ. ಆಮೇಲೆ ಹೇಳಿದ:

"ಅವನ ಹೆಂಡತಿ ಠಾಣೆಗೆ ಬಂದಿದ್ಲು. ನನ್ನ ಹೆಸರ ಹಿಡದ ಕೇಳಾಕತ್ತಿದ್ಲು, ಅವರನ್ನ ಕರೀರಿ, ಅವರು ಹೇಳ್ತಾರ ಅಂತ. ನಾ ಹಿಂದಿನ ಖೋಲ್ಯಾಗ ಕುಂತಿದ್ದೆ. ಹೊರಗ ಬರಲಿಲ್ಲ. ಆಕಿ ಹ್ವಾದ ಮ್ಯಾಲ ಬಂದೆ. ನಿಮ್ಮವ್ವಗ ಒಬ್ಬಾಕಿಗೇ ಹೇಳಿದ್ದೆ."

ನಾನು ಅವನ ಕೈ ಹಿಡಿದುಕೊಂಡೆ.

"ಆ ಸಾಹೇಬ ಹೋದ್ನಲ್ಲವಾ, ಆಕಿ ಮನೀಗೆ. ನಾ ಅದನ್ನ ನೋಡಬೇಕಂತ ಕುಂತಿದ್ದೆ. ಅಂವ ಆಕಿಗೆ ಏನಂದ?"

ನನ್ನ ಸುಳ್ಳು ಏನನ್ನು ಮುಚ್ಚಿಟ್ಟಿತ್ತು ಎಂದು ಆಗ ಗೊತ್ತಾಯಿತು. ಸಾವನ್ನಲ್ಲ. ಸಾವನ್ನು ಅವನು ದೂರದ ಊರು ಎಂಬ ನನ್ನ ಮಾತಿನಲ್ಲೇ ಓದಿಕೊಂಡಿದ್ದ. ಅಂಥ ಹೆಂಡತಿಯ ಎದುರಿಗೆ ಕೂತ ಪೊಲೀಸಿನವನು ಮೊದಲ ಮಾತು ಏನಾಡುತ್ತಾನೆ ಎಂಬುದನ್ನು ಅವನು ಕೇಳಬೇಕಿತ್ತು. ಆ ಮಾತನ್ನೇ ನಾನು ಅವನಿಗೆ ಸಿಗದಂತೆ ಮಾಡಿದ್ದೆ.

"ಮನೀಗೆ ಹೋಗಿ ಹೇಳ್ತೀನಪ್ಪ. ಎಲ್ಲಾ ಖರೇ ಓದ್ತೀನಿ."

ಅಪ್ಪ ಬಹಳ ಮೆತ್ತಗೆ ಹೇಳಿದ: "ನೀ ಬ್ಯಾಡವಾ. ಹುಡುಗಿ ಓದ್ಲಿ."

ಹೀಗೆ ಆ ಸಂಜೆ ನನ್ನ ಮಗಳು ಅಜ್ಜನ ಪಕ್ಕದಲ್ಲಿ ಕುಳಿತಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವಳಿಗೆ ಬರುವ ಕನ್ನಡ ಅಡುಗೆಮನೆಯದು, ಅಜ್ಜಿಯ ಜೊತೆ ಫೋನಿನಲ್ಲಿ ಆಡಿದ್ದು. ಒಂದೊಂದು ಸಾಲಿಗೂ ಟಿವಿ ನಿಲ್ಲಿಸಿ, ತುಟಿ ಕಚ್ಚಿ, ಪದ ಹುಡುಕಿ ಹೇಳಿದಳು.

"ಅವನು ಹೇಳ್ತಾನೆ... ನಾನು ಕರೆದೆ. ಎಲ್ಲರೂ ನೋಡಿದ್ರು. ಅದಕ್ಕೇ ಅವನು ಸತ್ತ."

"ಆಕಿ?"

"ಆಕೆ... ವೇಟ್, ಅಜ್ಜಾ." ಮಗಳು ಆ ಸಾಲನ್ನು ಎರಡು ಸಲ ಓದಿಕೊಂಡಳು. "ಗೊತ್ತು ಅಂತಾಳೆ. ನೀವು ಬಂದು ಹೇಳಬೇಕಿತ್ತು, ಹೇಳಿದ್ರಿ. ಈಗ ಹೋಗಿ."

"ಕ್ಷಮಾ ಮಾಡ್ತೀನಿ ಅನ್ನೂದಿಲ್ಲ?"

ಮಗಳು ಮುಂದಿನ ಸಾಲುಗಳನ್ನು ನೋಡಿ, "ನೋ, ಅಜ್ಜಾ. ಸಾರಿ," ಅಂದಳು. ಅಪ್ಪ ಅವಳ ತಲೆ ಸವರಿದ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ನಾನು ಬಿಡಲಿಲ್ಲ. ಮಂಡಕ್ಕಿ ಮಾಮನ ಹೆಂಡತಿ ಇನ್ನೂ ಬದುಕಿದ್ದಾಳೆ, ಮಗಳ ಮನೆಯಲ್ಲಿದ್ದಾಳೆ ಎಂದು ಮಾತಿನ ನಡುವೆ ಅಪ್ಪನ ಬಾಯಿಂದ ಬಂತು. ಅಂದಿನಿಂದ ನಾನು ಶುರು ಮಾಡಿದೆ. ಹೋಗಿ ಹೇಳು ಅಪ್ಪ. ನಿನ್ನ ಮನಸ್ಸು ಹಗುರಾಗತದ. ಆಕಿಗೂ ಗೊತ್ತಿರಬೇಕು. ಅಪ್ಪ ಪ್ರತಿ ಸಲವೂ "ನೋಡೂಣಂತ" ಅನ್ನುತ್ತಿದ್ದ. ಜನವರಿ, ಫೆಬ್ರವರಿ ಪೂರ್ತಿ ನಾನು ಅದನ್ನೇ ಹೇಳಿದೆ. ಹೇಳುತ್ತಿದ್ದದ್ದು ಅವನ ಒಳಿತಿಗೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಸುಳ್ಳು ಹೇಳಿ ಸಿಕ್ಕಿಬಿದ್ದವಳು ನಿಜದ ಪರವಾಗಿ ಸ್ವಲ್ಪ ಹೆಚ್ಚೇ ಕೂಗುತ್ತಿದ್ದಳು ಅನ್ನಿಸುತ್ತದೆ. ಮಾರ್ಚಿನಲ್ಲಿ ಅವನು ಊರಿಗೆ ಹೊರಟಾಗ, ವಿಮಾನ ನಿಲ್ದಾಣದಲ್ಲಿ ಕಾಲಿಗೆರಗಿದಾಗಲೂ ಅದನ್ನೇ ನೆನಪಿಸಿದೆ.

ಅವನು ಆಕೆಯ ಮನೆಗೆ ಹೋದದ್ದು ಯುಗಾದಿ ಕಳೆದ ಮೇಲೆ. ಫೋನು ಬಂದಾಗ ನಾನು ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ, ಮಧ್ಯಾಹ್ನದ ಪಾಳಿಗೆ ಇಳಿಯುವವಳಿದ್ದೆ.

"ಹೋಗಿ ಬಂದೆ," ಅಂದ.

"ಏನಂದ್ಲಪ್ಪ?"

"ಆಕಿಗೆ ಏನೂ ಗೊತ್ತಿರಲಿಲ್ಲ, ಯವ್ವಾ."

ನನಗೆ ಅರ್ಥವಾಗಲಿಲ್ಲ.

"ಕುಡದ ಹಳಿ ಮ್ಯಾಲ ಬಿದ್ದಾನಂತ ಆವತ್ತ ಠಾಣೆದಾಗ ಯಾರೋ ಹೇಳಿ ಕಳಿಸ್ಯಾರ. ಆಕಿ ಅದನ್ನ ನಂಬ್ಯಾಳ. ನಾ ಖರೇ ಹೇಳಿದೆ. ಆಮ್ಯಾಲ ಅಂದ್ಲು, ಇಷ್ಟ ವರ್ಷ ನಾ ಅವನ್ನ ಬೈಕೋಂತ ಬಂದೀನ್ರಿ. ನಮ್ಮನ್ನ ನಡುನೀರಾಗ ಬಿಟ್ಟ ಕುಡುಕಾ ಅಂದೀನಿ. ನಿಮ್ಮಪ್ಪನಂಗ ಆಗಬ್ಯಾಡ್ರಿ ಅಂತ ಹೇಳೇ ಮಕ್ಕಳನ್ನ ಬೆಳಿಸೀನಿ. ಅಂವ ಆವತ್ತ ಕುಡದಿರಲೇ ಇಲ್ಲ ಅಂದ್ರ, ಆ ಬೈಗಳಾ ಎಲ್ಲಾ ಈಗ ಯಾರ ಮುಂದ ಹಿಂದಕ್ಕ ತಗೊಳ್ಳಿ?"

ಕಾರಿನ ಗಾಜಿನ ಮೇಲೆ ನನ್ನ ಉಸಿರಿನ ಮಂಜು ಕಟ್ಟಿತ್ತು. ಅಪ್ಪನ ಭಾರ ಇಳಿಯಲಿ ಎಂದು ನಾನು ಕಳಿಸಿದ್ದೆ. ಅದನ್ನು ಅವನು ಒಯ್ದು ಏನೂ ಅರಿಯದ ಒಬ್ಬ ಮುದುಕಿಯ ತಲೆಯ ಮೇಲಿಟ್ಟು ಬಂದಿದ್ದ. ಇಡಿಸಿದವಳು ನಾನು.

"ಎದ್ದ ಹೋಗ್ರಿ ಅಂದ್ಲು," ಅಂದ ಅಪ್ಪ. "ಬಂದೆ."

ಆ ದಿನ ನಾನು ಒಂದೊಂದು ಟ್ಯೂಬಿನ ಹೆಸರನ್ನೂ ಮತ್ತೆ ಮತ್ತೆ ಓದಿದೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಈ ಸಲ ಅವನೂ ಸಾರಿ ಹೇಳು ಅನ್ನಲಿಲ್ಲ.

ಕೆಲವು ವಾರಗಳ ಮೇಲೆ ಆ ಹೆಂಗಸಿನ ಮಗಳು ಅಪ್ಪನಿಗೆ ಫೋನು ಮಾಡಿದ್ದಳು. ಅವ್ವ ಅನ್ನ ಬಿಟ್ಟಿದ್ದಾಳೆ, ನೀವು ಇನ್ನೊಂದು ಸಲ ಬರಬೇಕಂತೆ, ಎಲ್ಲ ಮಕ್ಕಳ ಮುಂದೆ ಅದನ್ನೇ ಹೇಳಬೇಕಂತೆ ಎಂದಳಂತೆ. ತಮ್ಮ ಬೇಡವೆಂದ. ಅವರ ಗಂಡುಮಕ್ಕಳು ಏನಾದರೂ ಮಾಡಿದರೆ ಎಂಬ ಹೆದರಿಕೆ ಅವನಿಗೆ. ಅಪ್ಪ ನನ್ನನ್ನು ಕೇಳಲಿಲ್ಲ. ಒಬ್ಬನೇ ಹೋಗಿ ಬಂದು, ಆಮೇಲೆ ನಾನು ಬೆಳಗಿನ ಪಾಳಿಗೆ ಮೊದಲು ಕಾರಿನಲ್ಲಿ ಕುಳಿತಿದ್ದಾಗ ವಿಡಿಯೊ ಕರೆ ಮಾಡಿ ಹೇಳಿದ.

ಎಲ್ಲರೂ ಚಾಪೆಯ ಮೇಲೆ ಕುಳಿತಿದ್ದರು. ಅಪ್ಪನಿಗೆ ಕುರ್ಚಿ ಹಾಕಿದ್ದರು. ಅವನು ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದ. ನಿಮ್ಮಪ್ಪ ಆವತ್ತು ಕುಡಿದಿರಲಿಲ್ಲ. ಬುಟ್ಟಿ ಹೊತ್ತು ವ್ಯಾಪಾರಕ್ಕೆ ನಿಂತಿದ್ದ. ಕರೆದವನು ನಾನು. ನಿಮ್ಮವ್ವ ಠಾಣೆಗೆ ಕೇಳಲು ಬಂದಾಗ ಒಳಗೆ ಕುಳಿತವನೂ ನಾನು. ಕಿರಿಯ ಮಗ ನಡುವೆಯೇ ಎದ್ದು ಹೊರಗೆ ಹೋದ. ಹಿರಿಯವನು ಅಪ್ಪನನ್ನು ಏಕವಚನದಲ್ಲಿ ಬೈದ. ಅಪ್ಪ ತಲೆ ಬಾಗಿಸಿ ಕೇಳಿಸಿಕೊಂಡ. ಆ ಹೆಂಗಸು ಮಾತ್ರ ಗಂಡನ ಸಣ್ಣ ಫೋಟೊವೊಂದನ್ನು ಮಡಿಲಲ್ಲಿಟ್ಟುಕೊಂಡು, "ಕೇಳಿದ್ರೇನು? ಕುಡದಿರಲಿಲ್ಲಂತ," ಎಂದು ಮಕ್ಕಳಿಗೆ ಒಬ್ಬೊಬ್ಬರಿಗೂ ಹೇಳಿದಳಂತೆ.

"ಉಂಡ್ಲಾ ಆಮ್ಯಾಲ?" ಅಂದೆ.

"ಗೊತ್ತಿಲ್ಲ. ಇನ್ನ ಬರಬ್ಯಾಡ್ರಿ ಅಂದ್ಲು. ಬಂದೆ." ಫೋನಿನಲ್ಲಿ ಅವನ ಮುಖ ಅರ್ಧವೇ ಕಾಣುತ್ತಿತ್ತು, ಹಣೆ ಮತ್ತು ಕಣ್ಣು. "ನಾ ಹೋಗಿದ್ದು ಚೊಲೊ ಆತೇನು, ಕೆಟ್ಟಾತೇನು? ನೀ ಓದಿದಾಕಿ, ಹೇಳು."

ಸಮಾಧಾನದ ಮಾತುಗಳು ನಾಲಿಗೆಯ ತುದಿಗೆ ಬಂದಿದ್ದವು. ಒಂದನ್ನು ಆರಿಸಿ ಹೇಳಿದ್ದರೆ ಅವನು ಕೇಳಿಸಿಕೊಳ್ಳುತ್ತಿದ್ದ, ನಂಬಿದಂತೆ ತೋರಿಸಿಕೊಳ್ಳುತ್ತಲೂ ಇದ್ದ.

"ನನಗೂ ಗೊತ್ತಾಗವಲ್ದಪ್ಪ," ಅಂದೆ. "ಹೋಗು ಹೋಗು ಅಂತ ನಾನ ಗಂಟ ಬಿದ್ದೆ. ಅದರಾಗ ನಂದೂ ಪಾಲೈತಿ."

"ಇರ್ಲಿ," ಅಂದ ಅಪ್ಪ. ಅವನ ಹಿಂದೆ ತಮ್ಮನ ಹೆಂಡತಿ ಊಟಕ್ಕೆ ಕರೆಯುವುದು ಕೇಳಿಸಿತು. ವಿಡಿಯೊ ಕರೆಯನ್ನು ಮುಗಿಸುವುದು ಅವನಿಗೆ ಇನ್ನೂ ರೂಢಿಯಾಗಿಲ್ಲ. ಹಾಗೇ ಹಾಸಿಗೆಯ ಮೇಲಿಟ್ಟು ಎದ್ದುಹೋದ. ನಾನು ಪರದೆಯಲ್ಲಿ ಅವನ ಕೋಣೆಯ ತಿರುಗುವ ಫ್ಯಾನನ್ನು ನೋಡುತ್ತ, ಒಳಗಿನಿಂದ ಬರುವ ತಟ್ಟೆಗಳ ಸದ್ದು ಕೇಳುತ್ತ, ಪಾಳಿಯ ಹೊತ್ತಾಗುವವರೆಗೂ ಕಾರಿನಲ್ಲೇ ಕುಳಿತಿದ್ದೆ.